ಸೋಸಿ ಕೊಟ್ಟ ಹಾಲು

ಎರಡು ಹಂದಿಮರಿಗಳು ಸತ್ತವೆಂದು ಒಬ್ಬ ಹೆಂಗಸನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ಅವಳು ಮಾಡಿದ ತಪ್ಪು ಹಾಲು ಕಾಯಿಸಿದ್ದು. ಈಗಲೂ ನಮ್ಮನೆ ಒಲೆಯ ಮೇಲೆ ಹಾಲು ಉಕ್ಕಿ ಬಂದಾಗಲೆಲ್ಲ ನನಗೆ ಅದೇ ನೆನಪಾಗಿ ಮೈ ಉರಿಯುತ್ತದೆ.

ಕೆಂಗೇರಿಯಿಂದ ಆಚೆಗಿರುವ ಒಂದು ಪ್ರಯೋಗಾಲಯದಲ್ಲಿ ನಾನು ಹಂದಿ ಕೊಟ್ಟಿಗೆಯ ದಿನಚರಿ ಬರೆಯುವವಳು. ಯಾವ ಮರಿ ಎಷ್ಟು ಕುಡಿಯಿತು, ಮೈ ಎಷ್ಟು ಬಿಸಿಯಿದೆ, ಮಲ ಗಟ್ಟಿಯೋ ನೀರೋ ಎಂದು ಎರಡು ಗಂಟೆಗೊಮ್ಮೆ ಬರೆಯಬೇಕು. ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ಕೇಳಿದವರಿಗೆ "ಲ್ಯಾಬ್‌ನಲ್ಲಿ ಕೆಲಸ" ಎಂದಷ್ಟೇ ಹೇಳುತ್ತೇನೆ. ಹಂದಿ ಎಂದರೆ ಅರಿಶಿನ ಕುಂಕುಮಕ್ಕೆ ಕರೆಯುವ ಮುಂಚೆ ಒಮ್ಮೆ ಯೋಚಿಸುತ್ತಾರೆ.

ಮರಿಗಳಿಗೆ ಹಾಲು ಕುಡಿಸುತ್ತಿದ್ದವಳು ಉಲ್ಲಾಳದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ. ತಾಯಿಯಿಂದ ಬೇರೆ ಮಾಡಿದ, ಗಿಣ್ಣುಹಾಲಿನ ಒಂದು ತೊಟ್ಟೂ ಕಾಣದ ಮರಿಗಳವು. ಅಂಥವಕ್ಕೆ ಕರುಳಿನ ರೋಗಾಣು ಬೇಗ ತಗಲುತ್ತದೆ. ಬಿಳಿ ಭೇದಿ ಶುರುವಾದರೆ ಎರಡು ದಿನದಲ್ಲಿ ಒಣಗಿದ ಹೀರೇಕಾಯಿಯಂತಾಗಿಬಿಡುತ್ತವೆ. ಅದಕ್ಕೆ ತಡೆಯೆಂದು ಸೀರಮ್ ಕೊಡುತ್ತಿದ್ದರು. ಆ ರೋಗಕ್ಕೆ ಚುಚ್ಚುಮದ್ದು ಹಾಕಿಸಿಕೊಂಡ ದೊಡ್ಡ ಹಂದಿಗಳ ರಕ್ತ ತೆಗೆದು ಇಟ್ಟರೆ ಕೆಂಪು ತಳಕ್ಕಿಳಿದು ಮೇಲೆ ಹೊಂಬಣ್ಣದ ತಿಳಿ ನಿಲ್ಲುತ್ತದಲ್ಲ, ಅದೇ. ಅಕ್ಕ ಹಾಲು ಕಾಯಿಸಿ, ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಆಮೇಲೆ ಪ್ರತಿ ಬಾಟಲಿಗೂ ಅಳತೆಯ ಸೀರಮ್ ಹಾಕುತ್ತಿದ್ದಳು. ಮೊದಲ ತಂಡದ ಮರಿಗಳು ದುಂಡಗೆ ಬೆಳೆದವು.

ಎರಡನೆಯ ತಂಡ ಬಂದಾಗ ನಮ್ಮ ಹೊಸ ಡಾಕ್ಟರಿಗೆ ಈ ಅಳೆದು ಸುರಿಯುವುದು ಸಾಕಾಯಿತು. ಒಂದು ಬೆಳಿಗ್ಗೆ ತಾನೇ ಪ್ಯಾಕೆಟ್ ಹಾಲನ್ನು ಹಸಿಯಾಗಿಯೇ ಕ್ಯಾನಿಗೆ ಸುರಿದು, ದಿನದ ಸೀರಮ್ಮನ್ನೆಲ್ಲ ಅದಕ್ಕೆ ಬೆರೆಸಿ ಫ್ರಿಜ್ಜಿನಲ್ಲಿಟ್ಟ.

"ಆಂಟಿ, ಇನ್ಮೇಲೆ ಇದನ್ನೇ ತೆಗೆದು ಬಿಸಿ ಮಾಡಿ ಕೊಡಿ. ಟೈಮ್ ಉಳಿಯುತ್ತೆ."

ಅಷ್ಟೇ ಹೇಳಿದ್ದು. ಎಷ್ಟು ಬಿಸಿ, ಯಾಕೆ, ಏನೂ ಇಲ್ಲ.

ಹಸಿ ಹಾಲನ್ನು ಎಳೆಯ ಜೀವಕ್ಕೆ ಯಾವ ಹೆಂಗಸು ಕುಡಿಸುತ್ತಾಳೆ? ಅಕ್ಕ ಉಕ್ಕು ಬರುವ ತನಕ ಕಾಯಿಸಿದಳು. ಪಾತ್ರೆಯೊಳಗೆ ಸಣ್ಣ ಸಣ್ಣ ಗಡ್ಡೆ ಕಟ್ಟಿತು.

"ಇಲ್ನೋಡೇ, ಗಿಣ್ಣು ಕಾಯ್ಸಿದ ಹಂಗೆ ಆಗ್ತೈತೆ," ಎಂದು ನನ್ನನ್ನು ಕರೆದಳು. ನೋಡಿದೆ. ಹೌದು, ಗಿಣ್ಣಿನಂತೆಯೇ. ಅವಳು ಪಾತ್ರೆ ಹಿಡಿದುಕೊಂಡೇ ಡಾಕ್ಟರ ರೂಮಿಗೆ ಹೋದಳು, ನಾನೂ ಹಿಂದೆ ಹೋದೆ. ಅವನು ಫೋನಿನಿಂದ ಅರ್ಧ ತಲೆ ಎತ್ತಿದ.

"ಏನಾಗಲ್ಲ ಆಂಟಿ. ಸೋಸಿ ಕೊಡಿ, ನಿಪ್ಪಲ್ ಬ್ಲಾಕ್ ಆಗದಿದ್ರೆ ಸಾಕು."

ಅಕ್ಕ ಟೀ ಜಾಲರಿಯಲ್ಲಿ ಸೋಸಿ ಗಡ್ಡೆಯನ್ನು ಮೋರಿಗೆ ಹಾಕಿದಳು. ನಾನು ದಿನಚರಿಯಲ್ಲಿ ಬರೆದೆ: "ಹತ್ತು ಗಂಟೆ. ಹಾಲು ಗಡ್ಡೆ ಕಟ್ಟಿದೆ. ಡಾಕ್ಟರಿಗೆ ತೋರಿಸಲಾಯಿತು. ಸೋಸಿ ಕೊಡಲು ಹೇಳಿದರು." ಯಾಕೆ ಹೀಗಾಯಿತು ಎಂದು ಒಂದು ಮಾತು ಕೇಳಲಿಲ್ಲ. ಅದು ನನ್ನ ಪಾಲಿನ ತಪ್ಪು, ಇಲ್ಲ ಅನ್ನುವುದಿಲ್ಲ.

ಮೂರನೆಯ ದಿನ ಭೇದಿ ಶುರುವಾಯಿತು. ಅಕ್ಕ ಮಡಿಲಲ್ಲಿಟ್ಟುಕೊಂಡು ಗ್ಲೂಕೋಸ್ ನೀರು ಕುಡಿಸಿದಳು. ಎರಡು ಉಳಿಯಲಿಲ್ಲ.

ಲ್ಯಾಬಿನ ದೊಡ್ಡ ಸಾಹೇಬರು ಬಂದು ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು. ಆಗ ನಮಗೆ ಮೊದಲ ಸಲ ತಿಳಿದದ್ದು: ಆ ಸೀರಮ್ಮಿನಲ್ಲಿ ರೋಗಾಣುವನ್ನು ಹಿಡಿದು ನಿಲ್ಲಿಸುವ ಅಂಶವಿದೆ, ಮರಿಯ ಕರುಳಿಗೆ ಅದು ಪ್ರತಿ ಸಲದ ಹಾಲಿನ ಜೊತೆಗೂ ಹೋಗುತ್ತಲೇ ಇರಬೇಕು, ಕುದಿಸಿದರೆ ಸತ್ತುಹೋಗುತ್ತದೆ. ಮರಿಗಳನ್ನು ಕಾಪಾಡುವುದನ್ನೇ ನಾವು ಕುದಿಸಿ, ಸೋಸಿ, ಮೋರಿಗೆ ಚೆಲ್ಲಿದ್ದೆವು.

"ಬಿಸಿ ಮಾಡಿ ಅಂದಿದ್ದೆ ಸರ್, ಇವರು ಕುದಿಸಿದಾರೆ," ಎಂದ ಡಾಕ್ಟರು.

"ಆ ಸೀರಮ್ಮೊಳಗೆ ಏನೈತೆ ಅಂತ ಒಂದಿನ ಹೇಳಿದ್ರಾ ಸಾರ್?" ಎಂದಳು ಅಕ್ಕ. "ಹೇಳಿದ್ರೆ ನಮಗೆ ತಿಳಿಯಲ್ವಾ?"

ಸಾಹೇಬರು ಸೋಮವಾರ ತೀರ್ಮಾನ ಮಾಡುತ್ತೇವೆ ಎಂದರು. ತೀರ್ಮಾನ ಏನೆಂದು ಕೊಟ್ಟಿಗೆ ಗುಡಿಸುವವರಿಗೂ ಗೊತ್ತಿತ್ತು. ಅಕ್ಕ ಅವತ್ತೇ ತನ್ನ ಊಟದ ಡಬ್ಬಿ, ಹಳೇ ಸ್ವೆಟರು ಎಲ್ಲವನ್ನೂ ಚೀಲಕ್ಕೆ ತುಂಬಿಟ್ಟಳು.

ಮಧ್ಯಾಹ್ನ ಡಾಕ್ಟರು ನನ್ನ ಮೇಜಿನ ಹತ್ತಿರ ಬಂದು ನಿಂತ.

"ಆಂಟಿ, ಆ ಪೇಜ್ ಸ್ವಲ್ಪ ಗಲೀಜಾಗಿದೆ. ಫೇರ್ ಆಗಿ ಬರೆದುಬಿಡಿ. ಸೋಸೋ ವಿಷಯ ಬೇಡ, ಅದು ಸೈಂಟಿಫಿಕ್ ಅಲ್ಲ."

"ಮಲ ನೀರಾಗಿದೆ ಅಂತ ಬರೆದಿರೋದು ಸೈಂಟಿಫಿಕ್ಕಾ ಸಾರ್?"

"ಅದು ಡೇಟಾ."

"ಇದೂ ಅದೇ."

ಇಪ್ಪತ್ತು ವರ್ಷದ ಕೆಲಸದಲ್ಲಿ ನಾನು ಯಾರಿಗೂ ಎದುರು ಮಾತನಾಡಿದವಳಲ್ಲ. ಆದರೆ ಮನೆಯ ಗ್ಯಾಸ್ ಬದಲಿಸಿದ ದಿನವನ್ನೂ ಬರೆದಿಡುವವಳು ನಾನು. ಆದದ್ದನ್ನು ಆಗಿಲ್ಲ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ. ಅತ್ತಿಗುಪ್ಪೆಯಲ್ಲಿ ಬಸ್ಸು ಇಳಿಯುವ ತನಕ ನನ್ನ ಅಂಗೈ ಅದರ ಮೇಲೇ ಇತ್ತು.

ಸೋಮವಾರ ಸಾಹೇಬರ ಮುಂದೆ ಆ ಪುಟವನ್ನೇ ತೆರೆದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಡಾಕ್ಟರ ಕಡೆ ಒಮ್ಮೆ ನೋಡಿ ಪುಸ್ತಕ ಮುಚ್ಚಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಸರಿ ಅಮ್ಮಾ, ಕೆಲಸ ಮುಂದುವರಿಸಿ. ಇನ್ಮೇಲೆ ಹುಷಾರಾಗಿರಿ," ಎಂದರು.

ಹುಷಾರಾಗಿರಿ! ತೋರಿಸಿ ಕೇಳಿದವಳಿಗೆ ಹುಷಾರು, ನೋಡದೆ ಹೇಳಿದವನಿಗೆ ಏನೂ ಇಲ್ಲ. ಕೆಲಸ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ನನಗಂತೂ ಆಗಲಿಲ್ಲ.

ಅಕ್ಕ ಚೀಲ ಬಿಚ್ಚಿ ಸ್ವೆಟರನ್ನು ಮತ್ತೆ ಮೊಳೆಗೆ ನೇತುಹಾಕಿದಳು. ಮುಂದಿನ ತಂಡದ ಮರಿಗಳು ಬಂದ ದಿನ ಹಾಲು ಕಾಯಿಸಿ, ಆರಿಸಿ, ಬಾಗಿಲಲ್ಲಿ ನಿಂತು ಕೂಗಿದಳು.

"ಡಾಕ್ಟ್ರೇ, ಬನ್ನಿ. ಬೆರಳಿಟ್ಟು ನೋಡಿ."

ಅವನು ಬಂದ. ಬೆರಳಿಟ್ಟ.

"ಬಿಸಿ ಐತಾ?"

"ಇಲ್ಲ ಆಂಟಿ."

"ಹಂಗಾದ್ರೆ ಸೀರಮ್ ನೀವೇ ಹಾಕಿ." ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳೇ, ಡಾಕ್ಟ್ರು ಬೆರಳಿಟ್ಟು ನೋಡಿದ್ರು ಅಂತ."

ಎರಡು ಗಂಟೆಗೊಮ್ಮೆ ಹೀಗೇ ಕರೆಯುತ್ತಾಳೆ. ನಾನು ಗಡಿಯಾರ ನೋಡಿ ಬರೆಯುತ್ತೇನೆ.