ದೋಣಿಯವನಿಗೆ ರಜೆಯ ಅರ್ಜಿ

ಶಾಲೆಯ ಚರ್ಚಾ ತಂಡದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಒಂದೇ: ಎದುರಾಳಿಯ ಮಾತನ್ನೇ ಎತ್ತಿ ಅವನ ಮುಂದೆ ಓದುವುದು. ಅದನ್ನು ಕುವೈತಿನ ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ಅಪ್ಪನ ಮೇಲೆ ಪ್ರಯೋಗಿಸಿದೆ.

ಅಪ್ಪ ಅರ್ದಿಯಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಇಲ್ಲಿಗೆ ಬರುವ ಮೊದಲು ಉಡುಪಿ ಕಡೆಯ ಹೊಳೆಯಲ್ಲಿ ಜನರನ್ನು ದಾಟಿಸುವ ಕಡವಿನ ದೋಣಿ ನಡೆಸಿದ್ದವರು. ಫೇಸ್‌ಬುಕ್ಕಿನಲ್ಲಿ ಅವರಿಗೆ ಹೇಗೋ ಒಬ್ಬ ಪೋರ್ಚುಗೀಸ್ ಆಟಗಾರ ಸಿಕ್ಕಿದ್ದ. ಒಂದು ಮಂಡಿಯೂರಿ, ಒಂದೇ ಬದಿಗೆ ಹುಟ್ಟು ಹಾಕುತ್ತ ಪಂದ್ಯದ ದೋಣಿ ಓಡಿಸುವವನು. ಅವನಿಗೆ ಲೆಕ್ಕವಿಲ್ಲದಷ್ಟು ಅಭಿಮಾನಿಗಳು. ಅವರೆಲ್ಲ ನೋಡುವುದು ಅವನ ಬರಿಮೈಯ ಭುಜಗಳನ್ನು, ದೋಣಿಯನ್ನಲ್ಲ ಎಂಬುದು ನನ್ನ ವಾದ. ಕಾಮೆಂಟುಗಳೇ ಸಾಕ್ಷಿ: ಹೃದಯ, ಬೆಂಕಿ, ಮತ್ತೆ ಹೃದಯ.

ಅಪ್ಪ ದಿನಾ ಡ್ಯೂಟಿಗೆ ಹೊರಡುವ ಮೊದಲು ಅವನ ಪೋಸ್ಟಿನಡಿ, ಗೋದಾಮಿನ ಮ್ಯಾನೇಜರಿಗೆ ಹೇಳುವ ಹಾಗೆಯೇ, 'ಗುಡ್ ಮಾರ್ನಿಂಗ್ ಸರ್' ಎಂದು ಬರೆದು ಕೆಳಗೆ ಕನ್ನಡದಲ್ಲಿ ಎರಡು ಸಾಲು ಸೇರಿಸುತ್ತಿದ್ದರು. ಒಮ್ಮೆ ಆ ಕಡೆಯಿಂದ ಒಂದು ಲೈಕ್ ಬಂತು. ಅಂದಿನಿಂದ ಅಲ್ಲಿ ತಮ್ಮ ಹಾಜರಿ ಇದೆ ಎಂದೇ ತಿಳಿದರು.

ಒಂದು ಶುಕ್ರವಾರ ಅಪ್ಪನ ಗೆಳೆಯರು ಊಟಕ್ಕೆ ಬಂದಿದ್ದರು. ದೋಣಿಯವನಿಗೆ ತನ್ನ ಗುರುತು ಉಂಟು ಎಂದು ಅಪ್ಪ ಹೇಳಿದ್ದೇ ತಡ, ನಾನು ಫೋನ್ ಹಿಡಿದು ಎದ್ದು ನಿಂತೆ. ಅಪ್ಪ ಹಿಂದಿನ ಸಲ ಊರಿಗೆ ಹೊರಟಾಗ ಬರೆದದ್ದನ್ನು ಓದಿದೆ: "ಸರ್, ನಾಳೆಯಿಂದ ಮೂವತ್ತು ದಿನ ರಜೆಯಲ್ಲಿದ್ದೇನೆ. ಲೈಕ್ ಮಾಡಲು ಆಗುವುದಿಲ್ಲ. ತಪ್ಪು ತಿಳಿಯಬಾರದು."

ಬಡಿಸುತ್ತಿದ್ದ ಅಮ್ಮನೂ ನಕ್ಕಳು. ಬಾಗಲಕೋಟೆಯ ಫೋರ್‌ಮನ್ ಒಬ್ಬರು ಕಣ್ಣೊರೆಸಿಕೊಂಡು, ವೀಸಾ ಕೊಟ್ಟ ಧಣಿಯ ಮಾತೆತ್ತುವ ಹಾಗೆ, ಕೇಳಿದರು: "ಅಲ್ರೀ ಭಾಯಿ, ರಜಾ ಪಾಸ್ ಮಾಡಿದನೋ ಇಲ್ಲೋ ನಿಮ್ಮ ಕಫೀಲ?"

ಅಪ್ಪ ನನ್ನನ್ನೇ ನೋಡಿದರು. "ಹೇಳದೆ ಹೋಗುವುದು ಸರಿಯಾ ಮಾರಾಯ್ತಿ?"

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಒಂದು ತಿಂಗಳು ಬರೆಯಬೇಡಿ, ಯಾರಾದರೂ ಒಬ್ಬರು ನಿಮ್ಮನ್ನು ವಿಚಾರಿಸಿದರೆ ನಾನು ಸೋತೆ ಎಂದು ಎಲ್ಲರೆದುರು ಸವಾಲು ಹಾಕಿದೆ. ಅಪ್ಪ ಒಪ್ಪಿದರು. ದಿನಾ ಸಂಜೆ ಬೂಟು ಬಿಚ್ಚುವ ಮೊದಲೇ ಫೋನ್ ನೋಡುತ್ತಿದ್ದರು. ಯಾರೂ ಕೇಳಲಿಲ್ಲ. ತಿಂಗಳು ತುಂಬಿದ ದಿನ "ಖಲಾಸ್, ನೀನು ಗೆದ್ದೆ" ಎಂದು ಫೋನನ್ನು ಕವುಚಿ ಇಟ್ಟರು. ಮತ್ತೆ ಬರೆಯಲಿಲ್ಲ. ಹುಟ್ಟು ನೀರಿಗೆ ಹೇಗೆ ಇಳಿಯಬೇಕೆಂದು ಊಟದ ನಡುವೆ ಸೌಟು ಹಿಡಿದು ನನಗೆ ತೋರಿಸುತ್ತಿದ್ದುದೂ ಅಲ್ಲಿಗೆ ನಿಂತಿತು.

ಕಾಲೇಜಿಗೆ ಮಂಗಳೂರಿಗೆ ಬಂದ ಮೇಲೆ ಅವರ ಹಳೆಯ ಕಾಮೆಂಟುಗಳನ್ನೆಲ್ಲ ಓದಿದೆ. ಅಂದು ನನಗೆ ಬೇಕಾದ ಒಂದನ್ನು ಮಾತ್ರ ಆರಿಸಿಕೊಂಡಿದ್ದೆ. ಉಳಿದವು ಹೀಗಿದ್ದವು: "ಇವತ್ತು ಗಾಳಿ ಎಡದಿಂದ. ಕೊನೆಗೆ ಹುಟ್ಟನ್ನು ಸ್ವಲ್ಪ ಹೊರಗೆ ತಿರುಗಿಸಿದಿರಿ, ನನಗೆ ಕಂಡಿತು." ಅನುವಾದ ಒತ್ತಿ ಒತ್ತಿ ಬೇರೆಯವರದ್ದನ್ನೂ ಓದಿದೆ. ನೀರಿನ ಬಗ್ಗೆ, ಗಾಳಿಯ ಬಗ್ಗೆ ಬರೆದ ಇನ್ನೊಬ್ಬರು ನನಗೆ ಸಿಗಲಿಲ್ಲ.

ಅಪ್ಪನಿಗೆ ಫೋನ್ ಮಾಡಿ, ಅವನ ಹೊಸ ರೇಸ್ ಬಂದಿದೆ, ನೋಡಿದಿರಾ ಎಂದು ಕೇಳಿದೆ.

"ನೋಡಿ ಎಂತ ಮಾಡುವುದು" ಎಂದರು. ಫೋನನ್ನು ಅಮ್ಮನಿಗೆ ಕೊಟ್ಟರು.