ಬ್ಯಾಡಗಿಯವರು ಕೆಮ್ಮುವುದಿಲ್ಲ

ನಮ್ಮ ಮನೆಯಲ್ಲಿ ಒಗ್ಗರಣೆಗೆ ಯಾರೂ ಕೆಮ್ಮುವುದಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ನಮ್ಮಪ್ಪನ ಪ್ರಕಾರ, ಎಣ್ಣೆಗೆ ಬಿದ್ದ ಕಾಯಿಯ ಘಾಟಿಗೆ ಯಾರಾದರೂ ಕೆಮ್ಮಿದರೆ ಒಂದೋ ಅದು ಬ್ಯಾಡಗಿ ಕಾಯಿಯಲ್ಲ, ಇಲ್ಲವೇ ಕೆಮ್ಮಿದವರು ನಮ್ಮವರಲ್ಲ. "ನಮ್ಮ ಕಾಯಿ ಬಣ್ಣಕ್ಕ ಹುಟ್ಟೇತಿ, ಮಂದಿನ್ನ ಅಳಸಾಕಲ್ಲ" ಎನ್ನುತ್ತಿದ್ದರು. ಹೀಗಾಗಿ ಗಂಟಲು ಎಷ್ಟೇ ಕೆರೆದರೂ ನೀರು ಕುಡಿದು ನುಂಗಿಕೊಂಡೇ ಬೆಳೆದವರು ನಾವು. ಆದರೆ ಕೂಸುಗಳಿಗೆ ನೆದರು ತೆಗೆಯಲೆಂದು, ಅಂದರೆ ದೃಷ್ಟಿ ನಿವಾಳಿಸಲೆಂದು, ಅವ್ವ ಅಪ್ಪನ ಕಣ್ಣು ತಪ್ಪಿಸಿ ಒಂದು ಡಬ್ಬಿಯಲ್ಲಿ ಗುಂಟೂರು ಕಾಯಿ ಇಟ್ಟಿರುತ್ತಿದ್ದಳು. ನಿವಾಳಿಸಿದ ಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟೆದ್ದು ಎಲ್ಲರೂ ಕೆಮ್ಮಿದರೆ ನೆದರು ತಾಗಿಲ್ಲವೆಂದೂ, ಯಾರೂ ಕೆಮ್ಮದಿದ್ದರೆ ತಾಗಿದೆಯೆಂದೂ ನಮ್ಮ ಕಡೆಯ ನಂಬಿಕೆ. ಅಂಥ ಪರೀಕ್ಷೆಗೆ ನಮ್ಮ ಸಾಧು ಕಾಯಿಯನ್ನು ನಂಬುವುದು ಹೇಗೆ, ನೀವೇ ಹೇಳಿ.

ಇದೆಲ್ಲ ನೆನಪಾದದ್ದು ಗಿರಿಜಕ್ಕನಿಂದ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾವಿಬ್ಬರೂ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿದ್ದೆವು. ಒಂದು ಗಿಡದ ಹೂವಿಗೆ ಇನ್ನೊಂದು ಗಿಡದ ಪರಾಗ ಮುಟ್ಟಿಸಿ ಹೊಸ ತಳಿ ಮಾಡುವ ನಾಜೂಕಿನ ಕೆಲಸ. ಗಿರಿಜಕ್ಕ ನನಗಿಂತ ಹದಿನೈದು ವರ್ಷಕ್ಕೆ ಹಿರಿಯಳು, ಐರಣಿಯ ಕಡೆಯವಳು; ಅವಳು ಮುಟ್ಟಿದ ಹೂವು ಕಾಯಿ ಕಟ್ಟದೆ ಉದುರಿದ್ದನ್ನು ನಾನು ಕಂಡಿಲ್ಲ. ಅವಳಿಗೆ ಮಾತ್ರ ಮಕ್ಕಳಾಗಲಿಲ್ಲ. ಯಾರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೂ ಅವಳು ಬೆಳಿಗ್ಗೆಯೇ ಬಂದು, ಸೆರಗು ಸಿಕ್ಕಿಸಿ, ಅಡಿಗೆಮನೆ ಸೇರಿ ಉಪ್ಪಿಟ್ಟು ತಿರುವುತ್ತ ನಿಲ್ಲುತ್ತಿದ್ದಳು. ಎಂಥ ಕೆಲಸಗಾತಿ ಎಂದು ಎಲ್ಲರೂ ಹೊಗಳುತ್ತಿದ್ದೆವು.

ಕಂಪನಿ ನಮ್ಮಿಬ್ಬರನ್ನು ತರಬೇತಿಗೆಂದು ಕೊರಿಯಾಕ್ಕೆ ಕಳಿಸಿತು. ಅಲ್ಲಿ ಗೆಳತಿಯಾದ ಮಿಂಜಿ ಎಂಬ ಹುಡುಗಿ, ನನ್ನಷ್ಟೇ ಹರಕು ಇಂಗ್ಲಿಷಿನವಳು, ಒಂದು ಭಾನುವಾರ ತನ್ನ ಪುಟ್ಟ ಕಾರಿನಲ್ಲಿ ನಮ್ಮನ್ನು ಹಳ್ಳಿ ತೋರಿಸಲು ಕರೆದೊಯ್ದಳು. ಗುಡ್ಡದ ಬುಡದ ಬೌದ್ಧ ಗುಡಿ ನೋಡಿದೆವು, ಬಣ್ಣ ತಿರುಗಿದ ಭತ್ತದ ಗದ್ದೆ ನೋಡಿದೆವು, ಚೆಂದವೆಂದು ತಲೆಯಾಡಿಸಿದೆವು. ಆದರೆ ಒಂದು ತಿರುವಿನಲ್ಲಿ, ರಸ್ತೆಯ ಬದಿಗೆ, ಕಣ್ಣು ಹಾಯುವಷ್ಟು ದೂರ ಚಾಪೆಯ ಮೇಲೆ ಹರವಿದ ಕೆಂಪು ಮೆಣಸಿನಕಾಯಿ ಕಂಡದ್ದೇ ತಡ, ಗಿರಿಜಕ್ಕ "ಏ, ನಿಲ್ಲಸವಾ ಗಾಡಿ!" ಎಂದು ಕೂಗಿದಳು, ಕನ್ನಡದ ಗಂಧವಿಲ್ಲದ ಮಿಂಜಿ ಅಲ್ಲೇ ಬ್ರೇಕು ಹಾಕಿದಳು.

ಗಿರಿಜಕ್ಕ ಸೆರಗಿನ ಗಂಟು ಬಿಚ್ಚಿದಳು. ಹೋಲಿಸಿ ನೋಡಲೆಂದೇ ಊರಿನಿಂದ ಹಿಡಿ ಬ್ಯಾಡಗಿ ಕಾಯಿ ತಂದಿದ್ದಳು, ಪುಣ್ಯಾತ್ಗಿತ್ತಿ. ನಮ್ಮದು ಮೈತುಂಬ ಸುಕ್ಕು, ಅವರದು ನುಣ್ಣಗೆ ಮಿರಿಮಿರಿ. "ಇವ್ರ ಕಾಯಿಗೆ ಇಸ್ತ್ರಿ ಮಾಡ್ಯಾರೇನ ತಂಗಿ?" ಎಂದಳು. ನಕ್ಕು ನಕ್ಕು ಸಾಕಾಯಿತು. ಮೆಣಸಿನಕಾಯಿ ಮೂಲತಃ ಅವರದೂ ಅಲ್ಲ, ನಮ್ಮದೂ ಅಲ್ಲ, ಎಲ್ಲಿಂದಲೋ ಹಡಗು ಹತ್ತಿ ಬಂದದ್ದಂತೆ. ಹಾಗೆ ಬಂದ ಕಾಯಿ ಇಬ್ಬರ ಅಂಗಳದಲ್ಲೂ ಹುಟ್ಟುಮನೆಯ ಗತ್ತಿನಲ್ಲಿ ಮಲಗಿರುವುದು ಹೇಗೆ ಎಂದು ನನಗೆ ಆಗಲೂ ಸೋಜಿಗ, ಈಗಲೂ ಸೋಜಿಗ.

ಮಿಂಜಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೋದಳು. ನಾವು ಓಣಿಯೊಳಗೆ ನಡೆದೆವು. ಒಂದು ಮನೆಯ ಗೇಟಿಗೆ ಅಡ್ಡವಾಗಿ ಹುಲ್ಲಿನ ಹಗ್ಗ, ಅದರಲ್ಲಿ ನಡುನಡುವೆ ಕೆಂಪು ಮೆಣಸಿನಕಾಯಿ, ಇದ್ದಿಲ ಚೂರು. ನಮ್ಮೂರಲ್ಲಿ ನಿಂಬೆಹಣ್ಣಿಲ್ಲದೆ ಬಾಗಿಲಿಗೆ ಕೆಂಪು ಮೆಣಸಿನಕಾಯಿ ತೂಗುಬಿಟ್ಟಿದ್ದರೆ ಅದು ಅಂಗಡಿಯೇ. ಪೇಟೆಯ ರೂಢಿಯಂತೆ ಗಿರಿಜಕ್ಕ ಹಗ್ಗದಿಂದ ಒಂದು ಕಾಯಿ ಕಿತ್ತು, ಮುರಿದು, ಮೂಸಿ, "ಬೀಜ ಭಾಳ ಅದಾವ" ಎಂದು ತೀರ್ಪು ಕೊಟ್ಟು, ಬಗ್ಗಿ ಒಳಗೆ ಹೋಗಿ "ಯಾರದೀರ್ರೀ?" ಎಂದಳು. ಹಿಂದೆಯೇ ನಾನು.

ಅಂಗಳದ ಒಲೆಯ ಮೇಲೆ ಏನೋ ಕುದಿಸುತ್ತಿದ್ದ ಅಜ್ಜಿಯೊಬ್ಬಳು ತಿರುಗಿ, ಮೊದಲು ನಮ್ಮನ್ನೂ ಆಮೇಲೆ ಮುರಿದ ಕಾಯಿಯನ್ನೂ ನೋಡಿ ಚೀರಿದಳು. ಓಡಿ ಬಂದ ಮಿಂಜಿ ನಮ್ಮನ್ನು ರಟ್ಟೆ ಹಿಡಿದು ಹೊರಗೆಳೆದಳು. ಆ ಮನೆಯಲ್ಲಿ ಗಂಡುಕೂಸು ಹುಟ್ಟಿ ಇನ್ನೂ ವಾರವಾಗಿತ್ತಷ್ಟೆ. ಮೂರು ವಾರ ಹೊರಗಿನವರು ಕಾಲಿಡಬಾರದೆಂದು ಹೇಳುವ ಹಗ್ಗವಂತೆ ಅದು. ಹಳೆಯ ಪದ್ಧತಿ, ಈಗ ಅಪರೂಪ. ಅಷ್ಟರಲ್ಲಿ ಒಳಗೆ ಕೂಸು ಅಳಲು ಶುರುಮಾಡಿತು, ನಿಲ್ಲಿಸಲೊಲ್ಲದು.

ನಾನು ಮಿಂಜಿಯ ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗಿರಿಜಕ್ಕನ ಮುಖದಲ್ಲಿ ರಕ್ತವಿರಲಿಲ್ಲ. "ಊರಾಗ ಮಂದಿ ಅನ್ನೂದು ಖರೇನ ಐತಿ ನೋಡು ತಂಗಿ. ಬಂಜಿ ನೆದರು ಕೂಸಿಗೆ ಆಗಿಬರೂದಿಲ್ಲ ಅಂತ ನಾ ಅಡಗೀಮನಿ ಬಿಟ್ಟು ಹೊರಗ ಬಂದಾಕಿ ಅಲ್ಲ. ಇಲ್ಲಿ ನೋಡಿದ್ರ ಬಾಗಲಾ ದಾಟಿ ಹೋಗಿಬಿಟ್ಟೆ." ಅಷ್ಟು ವರ್ಷದ ಉಪ್ಪಿಟ್ಟಿನ ಅರ್ಥ ಆ ಪರದೇಶದ ಓಣಿಯಲ್ಲಿ ತಿಳಿಯಬೇಕಾಯಿತು.

"ನೆದರು ತೆಗದ ಹೋಗ್ತೇನಿ. ಉಪ್ಪು ಕೇಳು" ಎಂದಳು. ಗಿರಿಜಕ್ಕನಿಗೆ ಯಾಕೆ ಹೆದರಿಕೆ, ನಿವಾಳಿಸುವುದೆಂದರೇನು, ಕೆಮ್ಮಿದರೆ ಏನು ಅರ್ಥ, ಕೆಮ್ಮದಿದ್ದರೆ ಏನು, ಎಲ್ಲವನ್ನೂ ನಾನು ಮಿಂಜಿಗೆ ಹೇಳಿದೆ, ಮಿಂಜಿ ಅಜ್ಜಿಗೆ ಹೇಳಿದಳು. ಅಜ್ಜಿ ಗಿರಿಜಕ್ಕನನ್ನು ಬಹಳ ಹೊತ್ತು ನೋಡಿ, ಒಳಗಿನಿಂದ ಉಪ್ಪು ತಂದು ಹಗ್ಗದ ಮೇಲಿಂದ ಕೊಟ್ಟಳು. ಗಿರಿಜಕ್ಕ ತನ್ನ ಬ್ಯಾಡಗಿ ಕಾಯಿಗಳನ್ನು ಅದರೊಡನೆ ಮುಷ್ಟಿಯಲ್ಲಿ ಹಿಡಿದು, ಹಗ್ಗದ ಹೊರಗೇ ನಿಂತು, ಅಳು ಬರುವ ದಿಕ್ಕಿಗೆ ನಿವಾಳಿಸಿ, ಮುಷ್ಟಿಯಲ್ಲಿದ್ದುದನ್ನು ಅಜ್ಜಿಯ ಕೈಗೆ ಸುರಿದು, ಕಣ್ಣು ಮುಚ್ಚಿಕೊಂಡಳು. ದೇವರೇ, ನಮ್ಮ ಕಾಯಿಗೆ ಇದೊಂದು ಸಲ ಖಾರ ಕೊಡಪ್ಪಾ ಎಂದು ನಾನು ಬೇಡಿಕೊಂಡೆ. ಅಪ್ಪನಿಗೆ ಕೇಳಿಸಿದ್ದರೆ ಮನೆಗೇ ಸೇರಿಸುತ್ತಿರಲಿಲ್ಲ.

ಅಜ್ಜಿ ಕಾಯಿಗಳನ್ನು ಒಲೆಗೆ ಹಾಕಿದಳು. ತೆಳ್ಳನೆಯ ಹೊಗೆಯೆದ್ದಿತು, ಗಾಳಿ ಅದನ್ನು ಹಿತ್ತಲ ಕಡೆಗೆ ಹೊತ್ತೊಯ್ದಿತು. ಒಲೆಯ ಈ ಬದಿಗೆ ನಿಂತಿದ್ದ ಅಜ್ಜಿ, ಹೊಗೆಯ ಒಂದೆಳೆಯೂ ತಾಗದ ಅಜ್ಜಿ, ಎದೆ ಹಿಡಿದುಕೊಂಡು ಖೊಕ್ಕ ಖೊಕ್ಕ ಕೆಮ್ಮಿದಳು. ಮಿಂಜಿಯನ್ನು ನೋಡಿದಳು, ಮಿಂಜಿಯೂ ಕೆಮ್ಮಿದಳು. ನಾನೊಬ್ಬಳು ಮಾತ್ರ, ಹುಟ್ಟಿದ ಮನೆಯ ಅಭ್ಯಾಸ, ಬಾಯಿ ಮುಚ್ಚಿಕೊಂಡು ಹೊಗೆ ಹೋದ ದಾರಿ ನೋಡುತ್ತ ನಿಂತಿದ್ದೆ.

"ಘಾಟ ಬಂತಲ್ಲ! ನಂದಲ್ಲ! ನನ್ನ ನೆದರಲ್ಲ!" ಗಿರಿಜಕ್ಕ ಅಲ್ಲೇ ರಸ್ತೆಯಲ್ಲಿ ಕುಳಿತು ಅತ್ತಳು. ಅಜ್ಜಿ ಹಗ್ಗದ ಮೇಲಿಂದ, ಎರಡೂ ಕೈಯಲ್ಲಿ ಹಿಡಿದು, ಬಿಸಿ ಗೆಣಸು ಕೊಟ್ಟಳು. ಕೂಸು ಯಾವಾಗ ಸುಮ್ಮನಾಯಿತೋ ಯಾರೂ ಗಮನಿಸಲಿಲ್ಲ.

ಊರಿಗೆ ಬಂದ ಮೇಲೆ ನನ್ನಣ್ಣನ ಮಗಳ ತೊಟ್ಟಿಲ ಕಾರ್ಯ ಬಂತು. ಅಪ್ಪ, ಅವ್ವನಿಗೆ ಈ ಕಥೆಯನ್ನೆಲ್ಲ ನಾನು ಮೊದಲೇ ಹೇಳಿದ್ದೆ. ಗಿರಿಜಕ್ಕ ಆ ದಿನ ಅಡಿಗೆಮನೆಗೆ ಹೋಗದೆ ಬಂದು ತೊಟ್ಟಿಲ ಪಕ್ಕದಲ್ಲೇ ಕುಳಿತಳು. ಕೂಸು ಕಿರಿಚಿಕೊಂಡಿತು. ಬಂದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಗುಂಟೂರಿನ ಡಬ್ಬಿಗೆ ಕೈ ಹಾಕಿದರೆ, "ಬ್ಯಾಡ್ರಿ, ನಮ್ಮ ಕಾಯೇ ಕೊಡ್ರಿ, ನಾನ ತೆಗೀತೇನಿ" ಎಂದಳು ಗಿರಿಜಕ್ಕ. ನಿವಾಳಿಸಿ ಕೆಂಡಕ್ಕೆ ಹಾಕಿದಳು. ಯಾರೂ ಕೆಮ್ಮಲಿಲ್ಲ. ಘಾಟೆಂದರೆ ಇಲ್ಲವೆನ್ನುವಷ್ಟು. ಅವಳು ಬಗ್ಗಿ ಕೆಂಡ ಊದಿದಳು.

ನಾನು ಕೆಮ್ಮಿದೆ, ಅಪ್ಪನ ಎದುರಿಗೆ.

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗಿರಿಜಕ್ಕನನ್ನು ನೋಡಿದರು. ಹೆಗಲ ಮೇಲಿನ ವಸ್ತ್ರ ಬಾಯಿಗೆ ಹಿಡಿದು, ಇಡೀ ಓಣಿಗೆ ಕೇಳುವಂತೆ ಕೆಮ್ಮಿದರು. ಅವ್ವ ಕೆಮ್ಮಿದಳು, ಅಣ್ಣ ಕೆಮ್ಮಿದ, ಬಾಗಿಲಲ್ಲಿ ನಿಂತವರೂ ಕೆಮ್ಮಿದರು. ಅತ್ತಿಗೆ ಎದ್ದು ಕೂಸನ್ನು ಗಿರಿಜಕ್ಕನ ಉಡಿಯಲ್ಲಿ ಹಾಕಿದಳು. ಒಗ್ಗರಣೆಗೆ ಮಾತ್ರ ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಕೆಮ್ಮುವುದಿಲ್ಲ.