ಜಗಲಿಯಲ್ಲಿ ಸಿಗದ ಆಕಾಶ

ನಿನ್ನೆ ಅತ್ತೆಯ ಮನೆಗೆ ಕರೆಂಟ್ ಬಿಲ್ಲಿನವರು ಬಂದಿದ್ದರು. ಕೈಯಲ್ಲಿ ಪುಟ್ಟ ಯಂತ್ರ, ಹಣೆಯ ತುಂಬ ಬೆವರು. ಅತ್ತೆ ಅವರ ಮುಖ ನೋಡುವ ಮೊದಲು ಕೈ ನೋಡಿದರು. "ಒಳ್ಗ್ ಬನ್ನಿ" ಎನ್ನಲಿಲ್ಲ.

ಇದರಲ್ಲೇನು ವಿಶೇಷ ಎಂದು ನಿಮಗೆ ಅನ್ನಿಸಬಹುದು. ಕೋಟೇಶ್ವರದ ಪಡುಬದಿಯಲ್ಲಿ, ಕಡಲ ಸದ್ದು ಕೇಳುವಷ್ಟು ಹತ್ತಿರ ಇರುವ ಆ ಮನೆಗೆ ಬಂದವರು ಯಾರೇ ಆಗಲಿ, ಬೆಲ್ಲ-ನೀರು ಕುಡಿಯದೆ ಮೆಟ್ಟಿಲಿಳಿದದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ. ನಿನ್ನೆ ನನಗೆ ಮೈ ಉರಿಯಿತು. ಅತ್ತೆಯ ಮೇಲಲ್ಲ, ಎರಡು ಬೇಸಿಗೆಯ ಹಿಂದೆ ಬಂದಿದ್ದ ಇನ್ನೊಬ್ಬ ಆಸಾಮಿಯ ಮೇಲೆ.

ಆ ವರ್ಷ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತ್ತು. ಮಳೆಗಾಲದೊಳಗೆ ಹೊಸದು ಕಟ್ಟಬೇಕು. ಆದರೆ ಕಡಲಿಂದ ಇಷ್ಟು ದೂರಕ್ಕೆ ಎಂದು ಸರ್ಕಾರ ಎಳೆದ ಒಂದು ಗೆರೆ ಇದೆ, ಅದರ ಒಳಗೆ ಬಿದ್ದ ಮನೆಗೆ ಅನುಮತಿ ಸಿಗುವುದು ಕಷ್ಟ. ಅರ್ಜಿ ಹಾಕಿದ ಮೇಲೆ, ಮನೆ ಎಲ್ಲಿದೆ ಎಂದು ಗುರುತಿಸಲು ಸರ್ವೆಯ ಆ ಆಸಾಮಿ ಕೈಯಲ್ಲೊಂದು ಜಿಪಿಎಸ್ ಹಿಡಿದು ಅಂಗಳಕ್ಕೆ ಬಂದ.

"ಹ್ವಾಯ್, ಬಿಸ್ಲಂಗೆ ಎಂತಕ್ ನಿತ್ಕಂಡಿದ್ರಿ? ಒಳ್ಗ್ ಬನ್ನಿ ಮಾರಾಯ್ರೆ, ತಲಿ ಸುಡ್ತಿತ್ತ್" ಎಂದರು ಅತ್ತೆ.

ಅವನು ಜಗಲಿಗೆ ಬಂದ. ಮೇಲೆ ತಗಡಿನ ಮಾಡು. ಗೋಡೆಗೆ ಒರಗಿ ಬೆಲ್ಲ ಕಚ್ಚಿ, ನೀರು ಕುಡಿದು, ಅಲ್ಲೇ ಕೂತು ಯಂತ್ರ ಒತ್ತಿದ. ನಾನು ಇಣುಕಿದೆ. ಮೇಲೆ ದೊಡ್ಡ ಅಂಕಿಗಳು, ಕೆಳಗೆ ಚಿಕ್ಕದಾಗಿ 'ಪ್ಲಸ್ ಮೈನಸ್ ಹದಿನೆಂಟು ಮೀಟರ್'. ಅವನು ಮೇಲಿನದನ್ನಷ್ಟೇ ಬರೆದುಕೊಂಡ.

"ಈ ಹದಿನೆಂಟ್ ಎಂತದ್?" ಎಂದು ಕೇಳಿದೆ.

"ಅದೆಲ್ಲ ಇಪ್ಪುದೇ ಮಾರಾಯ್ತಿ. ಮಿಷನ್ ಸುಳ್ ಹೇಳುದಿಲ್ಲ."

ಮಿಷನ್ ಸುಳ್ಳು ಹೇಳಿರಲಿಲ್ಲ, ನಿಜ. ತನಗೆ ಸರಿಯಾಗಿ ಗೊತ್ತಿಲ್ಲ, ಹದಿನೆಂಟು ಮೀಟರ್ ಆಚೀಚೆ ಆಗಬಹುದು ಎಂದು ಅದೇ ಪಾಪ ಬರೆದು ತೋರಿಸಿತ್ತು. ಓದುವ ವ್ಯವಧಾನ ಇಲ್ಲದ್ದು ಮನುಷ್ಯನಿಗೆ. ಮನೆ ಗೆರೆಯಿಂದ ಎಂಟು ಮೀಟರ್ ಒಳಗಿದೆ ಎಂದು ಅರ್ಜಿ ವಾಪಸು ಬಂತು.

ನನಗೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ. ಕೋಳಿ ಮೊಟ್ಟೆಯಿಟ್ಟರೂ ಬರೆಯುತ್ತಾಳೆ ಎಂದು ಮನೆಯಲ್ಲಿ ನಗುತ್ತಾರೆ. ಅತ್ತೆಯ ಮಗನ ದೋಣಿಯಲ್ಲಿ ಅಂಥದೇ ಯಂತ್ರ ಇತ್ತು, ಬೇಡಿ ತಂದೆ. ಹತ್ತು ಬೆಳಗು ಜಗಲಿಯಲ್ಲೊಮ್ಮೆ, ಅಂಗಳದ ನಡುವೆ ಒಮ್ಮೆ ಹಿಡಿದು ನೋಡಿದೆ. ಜಗಲಿಯಲ್ಲಿ ನಾಲ್ಕೇ ಉಪಗ್ರಹ, ಅವೂ ಆಕಾಶದ ಒಂದೇ ಮೂಲೆಯವು. ಕೆಲವು ಸಂಕೇತಗಳು ಗೋಡೆಗೆ ಬಡಿದು ಸುತ್ತಿ ಬರುತ್ತವೆ, ಯಂತ್ರ ಆ ಸುತ್ತನ್ನೂ ದೂರವೆಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಮನೆ ಒಂದು ದಿನ ಬಾವಿಯೊಳಗೆ, ಇನ್ನೊಂದು ದಿನ ನೆರೆಮನೆಯ ಹಟ್ಟಿಯಲ್ಲಿ.

"ಹೆಣೆ, ಇವತ್ತ್ ನಮ್ಮನಿ ಎಲ್ಲಿಗ್ ಹೋಯ್ತ್?" ಎಂದು ಅತ್ತೆ ದಿನಾ ಕೇಳುತ್ತಿದ್ದರು.

ಅಂಗಳದಲ್ಲಿ ತಲೆಯ ಮೇಲೆ ಏನೂ ಇಲ್ಲ. ಉಪಗ್ರಹಗಳು ನಾಲ್ಕೂ ದಿಕ್ಕಿನಿಂದ ಸಿಕ್ಕವು. ಸ್ವಲ್ಪ ಹೊತ್ತು ಕಾದರೆ ಹದಿನೆಂಟು ಇದ್ದದ್ದು ಮೂರಕ್ಕೆ ಇಳಿಯಿತು. ಹತ್ತು ದಿನವೂ ಮನೆ ಇದ್ದಲ್ಲೇ ಇತ್ತು. ಗೆರೆಯ ಹೊರಗೆ!

ಇದನ್ನೆಲ್ಲ ಅತ್ತೆಗೆ ವಿವರಿಸಿ ಹೇಳಿದ್ದೇ ನಾನು ಮಾಡಿದ ಎಡವಟ್ಟು.

"ಹಂಗಾರೆ ನಾ ಒಳ್ಗ್ ಕರ್ದದ್ದೇ ತಪ್ಪಾಯ್ತಾ?"

"ಅಯ್ಯೋ, ಹಂಗಲ್ಲ ಅತ್ತೆ" ಎಂದೆ. ಅವರು ನಂಬಲಿಲ್ಲ.

ಮತ್ತೆ ಅರ್ಜಿ ಹಾಕಿದೆವು. ಈ ಸಲ ಬಂದ ಹುಡುಗಿ ಅಂಗಳದಲ್ಲೇ ನಿಂತು, ಕಾದು, ಕೆಳಗಿನ ಅಂಕಿಯನ್ನೂ ಬರೆದುಕೊಂಡಳು. ಅನುಮತಿ ಬಂದದ್ದು ಆಷಾಢದಲ್ಲಿ. ಗೋಡೆ ಅಷ್ಟರಲ್ಲಿ ಒಲೆಯ ಮೇಲೆ ಬಿದ್ದಾಗಿತ್ತು. ಪುಣ್ಯಕ್ಕೆ ಒಲೆಯ ಮುಂದೆ ಯಾರೂ ಇರಲಿಲ್ಲ. ತಪ್ಪಾಯಿತು ಎಂದು ಇಂದಿನವರೆಗೆ ಯಾರೂ ಹೇಳಿಲ್ಲ.

ಗೋಡೆ ಈಗ ಹೊಸದು. ಅದರ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ಬಿಲ್ಲಿನ ಚೀಟಿ ಹರಿದು ಕೈಗೆ ಬಂದ ಮೇಲೆ ಅತ್ತೆ ಬಾಯಿ ಬಿಟ್ಟರು: "ಮಿಷನ್ ಕೆಲ್ಸ ಮುಗೀತಾ? ಈಗ ಒಳ್ಗ್ ಬನ್ನಿ."

"ಹೊತ್ತಾಯ್ತ್ ಅಮ್ಮ, ಇನ್ನೊಂದಿನ ಬತ್ತೆ" ಎನ್ನುತ್ತ ಅವರು ಗೇಟು ದಾಟಿದರು. ನಾನು ಚೊಂಬು ಹಿಡಿದು ಓಡಿದೆ. ಬೈಕು ತಿರುವಿನಲ್ಲಿ ಮರೆಯಾಗಿತ್ತು. ವಾಪಸು ಬಂದಾಗ ಅತ್ತೆ ಬೆಲ್ಲದ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಿದ್ದರು.